ಮಲ್ಲಯ್ಯನ ಹಾದಿಯ ಬಿಸಿನೀರು

ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ರಸ್ತೆಗಳಲ್ಲಿ ಕಂಬಿ ಹೊತ್ತ ಜನ ಗುಂಪುಗುಂಪಾಗಿ ಶ್ರೀಶೈಲದತ್ತ ನಡೆಯುತ್ತಿರುತ್ತಾರೆ. ಬಸ್ಸಿನ ಕಿಟಕಿಯಿಂದ ಅವರನ್ನು ನೋಡುತ್ತಲೇ ಬೆಳೆದ ನಾನು ಈ ಸಲ ಬಾಗಲಕೋಟೆ ಸೀಮೆಯ ಒಂದು ಹಳ್ಳಿಯ ತಂಡದ ಜೊತೆ ಹೊರಟೆ. ಶ್ರೀಶೈಲದ ದೇವರು ಮಲ್ಲಯ್ಯನ ಮಹಿಮೆಯನ್ನು ಬಲ್ಲವರು ಬರೆಯಲಿ. ನನಗೆ ಬರೆಯಬೇಕೆನಿಸಿದ್ದು ಅವನ ಹಾದಿಯಲ್ಲಿ ನೆಲೆಸಿರುವ ಜನರ ಬಗ್ಗೆ.

ರಾಯಚೂರಿನವರೆಗೆ ಬಿಸಿಲು, ಡಾಂಬರು, ಭಜನೆ. ನಸುಕಿನಲ್ಲಿ ಎದ್ದು ನಡೆಯುವುದು, ಹೊತ್ತೇರಿದಾಗ ನೆರಳು ಹುಡುಕಿ ಮಲಗುವುದು, ಸಂಜೆಗೆ ಮತ್ತೆ ಹೆಜ್ಜೆ ಹಾಕುವುದು. ಅನ್ನಕ್ಕಾಗಿ ಮಾತ್ರ ಎಲ್ಲಿಯೂ ಹುಡುಕಾಡಲಿಲ್ಲ. ಅಲ್ಲಲ್ಲಿ ರಸ್ತೆಯ ಬದಿಗೆ ಶಾಮಿಯಾನ ಹಾಕಿರುತ್ತಾರೆ. ಒಂದರಲ್ಲಿ ಅಂಬಲಿ, ಒಂದರಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಮೊಸರು. ಒಂದು ಬೇವಿನ ಮರದಡಿ ಹರಿದ ಚಪ್ಪಲಿ ಹೊಲಿದುಕೊಡಲೆಂದೇ ಒಬ್ಬ ಹುಡುಗ ಕೂತಿದ್ದ. ನನ್ನ ಚಪ್ಪಲಿಯ ಪಟ್ಟಿಗೆ ಹೊಲಿಗೆ ಹಾಕಿ, ಎಳೆದು ಗಟ್ಟಿ ನೋಡಿ, ಕೈಗೆ ಕೊಟ್ಟ. ಹಣ ತೆಗೆದರೆ, "ಒಳಗ ಇಡ್ರಿ ಅಕ್ಕಾರ. ಮಲ್ಲಯ್ಯನ ಹಾದ್ಯಾಗ ರೊಕ್ಕ ನಡ್ಯೂದಿಲ್ಲ" ಎಂದ.

ಎಲ್ಲ ಶಾಮಿಯಾನಗಳೂ ಹೀಗಿರಲಿಲ್ಲ. ಕೆಲವೆಡೆ ಮಜ್ಜಿಗೆಯ ಹಂಡೆಗಿಂತ ನಾಯಕರ ಫ್ಲೆಕ್ಸೇ ದೊಡ್ಡದು. ಒಂದು ಕಡೆ ಬಾಯಾರಿ ಬಂದ ಮುದುಕಿಯೊಬ್ಬಳಿಗೆ ಲೋಟ ಕೊಟ್ಟು, ಫೋನು ಸಜ್ಜಾಗುವವರೆಗೆ ಕುಡಿಯದೆ ನಿಲ್ಲಲು ಹೇಳಿದರು. ಆಕೆ ನಿಂತಳು. ನನಗೆ ಮೈ ಉರಿಯಿತು. ನೀರಡಿಸಿದವರನ್ನು ಪಟಕ್ಕಾಗಿ ಕಾಯಿಸುವವರ ಕೈಯಿಂದ ಒಂದು ಗುಟುಕೂ ಬೇಡವೆಂದು ನಾನು ಮುಂದೆ ನಡೆದುಬಿಟ್ಟೆ.

ಕರ್ನೂಲು ದಾಟಿ ನಂದಿಕೊಟ್ಕೂರಿನ ದಾರಿ ಹಿಡಿಯುವ ಹೊತ್ತಿಗೆ ನನ್ನ ಎರಡೂ ಅಂಗಾಲುಗಳಲ್ಲಿ ಗುಳ್ಳೆ ಎದ್ದಿದ್ದವು. ಕತ್ತಲಾಗುವಾಗ ಒಂದು ಹಳ್ಳಿ ಬಂತು. ರಸ್ತೆಗೆ ಹತ್ತಿದ ಮನೆಯ ಮುಂದೆ ಮೂರು ಕಲ್ಲಿನ ಒಲೆ, ಮೇಲೆ ನೀರಿನ ಹಂಡೆ. ಪಕ್ಕದಲ್ಲಿ ನಮ್ಮವ್ವನಿಗಿಂತ ಹಿರಿಯಳಾದ ಒಬ್ಬ ಹೆಣ್ಣುಮಗಳು. "ಕೂರ್ಚೋ ತಲ್ಲೀ" ಎಂದು ಹೊರಸು ತೋರಿಸಿದಳು. ಕೂತೆ. ಬೋಗುಣಿಗೆ ಬಿಸಿನೀರು ಸುರಿದು, ಉಪ್ಪು ಹಾಕಿ, ನನ್ನ ಕಾಲಿಗೆ ಕೈ ಹಾಕಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಹಿರಿಯರ ಪಾದಕ್ಕೆ ನಾವು ಬೀಳುವುದುಂಟು, ಅವರು ನಮ್ಮ ಪಾದ ಹಿಡಿಯುವುದೆಂದರೇನು? ಆಕೆ ನನ್ನ ಮುಖ ನೋಡಲೂ ಇಲ್ಲ. ಕಣಕಾಲನ್ನು ಬಿಗಿಯಾಗಿ ಹಿಡಿದು ನೀರಿನಲ್ಲಿ ಅದ್ದಿದಳು.

ಬೆರಳ ಸಂದಿಯ ಮಣ್ಣನ್ನೂ ಬಿಡದೆ ತೊಳೆದಳು. ಸೆರಗಿನಿಂದ ಒರೆಸಿದಳು. ಒಡೆದ ಗುಳ್ಳೆಯ ಸುತ್ತ ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ ಹಚ್ಚಿ, ಮೀನಖಂಡವನ್ನು ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ನೀವಿದಳು. ನನಗೆ ಅಳು ಬಂತು. ನೋವಿಗಲ್ಲ. ದೊಡ್ಡವಳಾದ ಮೇಲೆ ನನ್ನ ಕಾಲನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಅಷ್ಟರಲ್ಲಿ ನೀರು ಆರಿತೆಂದು ಆಕೆ ಸೊಸೆಯ ಮೇಲೆ ರೇಗಿದಳು. ಒಲೆಗೆ ಕಟ್ಟಿಗೆ ಹಾಕದೆ ಎತ್ತ ಹೋಗಿದ್ದೀ ಎಂಬ ಅರ್ಥದ ಜೋರು ತೆಲುಗು. ಸೊಸೆಯೂ ಒಳಗಿನಿಂದ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು.

ಆ ಸೊಸೆಯ ತವರು ರಾಯಚೂರಿನ ಕಡೆ. ಉಗ್ಗಾನಿಯ ತಟ್ಟೆ, ಜೊತೆಗೆ ಎರಡು ಮೆಣಸಿನಕಾಯಿ ಬಜ್ಜಿ ತಂದಿಟ್ಟು ಕನ್ನಡದಲ್ಲಿ ಮಾತಿಗೆ ಕೂತಳು. ಹುಣಸೆಹುಳಿ, ಹುರಿಗಡಲೆ ಪುಡಿ ಹಾಕಿದ ನಮ್ಮ ಒಗ್ಗರಣೆ ಮಂಡಕ್ಕಿಯೇ ಅದು. ದಿನಾ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವವರಂತೆ. ಪರಿಷೆ ಹಾಯುವ ದಿನಗಳಲ್ಲಿ ಕೂಲಿ ಬಿಡುತ್ತಾರೆ. "ನಮ್ಮ ಅತ್ತಿಗೆ ಮೊಣಕಾಲು ಹಿಡದಾವ್ರಿ, ಗುಡ್ಡ ಏರಾಕ ಆಗಂಗಿಲ್ಲ. ಹೋಗಾರ ಕಾಲು ತೊಳಿತಾಳ." ಅಷ್ಟು ಹೇಳಿ ಇನ್ನೆರಡು ಬಜ್ಜಿ ಬೇಕೇ ಎಂದು ಕೇಳಿದಳು.

ಆ ರಾತ್ರಿ ಅದೇ ಹೊರಸಿನ ಮೇಲೆ ಮಲಗಿ ನಾನು ಯೋಚಿಸಿದ್ದು ಆ ಜಗಳದ ಬಗ್ಗೆ. ಆ ಮನೆಯವರು ಸಂತರಲ್ಲ. ಬೇರೆ ದಿನಗಳಲ್ಲಿ ನೀರಿನ ಸರದಿಗೆ ಅವರೂ ಜಗಳವಾಡಬಹುದು. ಆದರೆ ಈ ಕೆಲವು ದಿನ ಯಾರು ಬಂದರೂ ಬಿಸಿನೀರು ಕಾಯಿಸಬೇಕು ಎಂಬುದು ಅಲ್ಲಿ ಊರಿನ ರೂಢಿ. ಒಳ್ಳೆಯವರಾಗುವವರೆಗೆ ಕಾಯಬೇಕಿಲ್ಲ, ಮನಸ್ಸು ಕರಗಬೇಕಿಲ್ಲ, ಒಲೆ ಹೊತ್ತಿಸಿದರೆ ಸಾಕು. ಕರುಣೆಯೆಂದರೆ ಒಬ್ಬೊಬ್ಬರ ಸ್ವಭಾವ ಎಂದು ನಂಬಿದ್ದ ನನಗೆ, ಒಂದು ಸೀಮೆಗೆ ಸೀಮೆಯೇ ಅದನ್ನು ಹಬ್ಬದಡುಗೆಯಂತೆ ವರ್ಷವರ್ಷವೂ ಮಾಡಿಕೊಂಡು ಬಂದಿರುವುದು ದೊಡ್ಡ ಧೈರ್ಯ ಕೊಟ್ಟಿತು. 14ನೇ ಶತಮಾನದಲ್ಲಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಅರಸ ಪ್ರೋಲಯ ವೇಮಾರೆಡ್ಡಿಯ ಹೆಸರು ಚರಿತ್ರೆಯಲ್ಲಿದೆ. ಆ ಮೆಟ್ಟಿಲವರೆಗೆ ಯಾತ್ರಿಕರ ಕಾಲು ಉಳಿಸಿಕೊಟ್ಟವರ ಹೆಸರು ಎಲ್ಲಿದೆ?

ಬೆಳಗ್ಗೆ ಹೊರಡುವಾಗ ಸೊಸೆ ರಸ್ತೆ ಗುಡಿಸುತ್ತಿದ್ದಳು. ರಾತ್ರಿ ಹಾದುಹೋದವರು ಎಸೆದ ಪ್ಲಾಸ್ಟಿಕ್ ಲೋಟಗಳು ಅವಳ ಮೊಣಕಾಲೆತ್ತರದ ಗುಡ್ಡೆಯಾಗಿದ್ದವು. ಉಂಡ ಮನೆಯಂಗಳದಲ್ಲಿ ಎಂಜಲು ಲೋಟ ಬಿಸಾಕಿ "ಉಘೇ ಉಘೇ" ಎನ್ನಲು ಬಾಯಾದರೂ ಹೇಗೆ ಬರುತ್ತದೆ? ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕ ಮೇಲೂ ಅದೇ ಲೋಟ. ಹುಲಿಗಳಿಗೆಂದು ಕಾಯ್ದಿಟ್ಟ ಕಾಡದು. ನಾಗಲೂಟಿ, ಪೆಚ್ಚೆರುವು ಹಾದು ಭೀಮುನಿ ಕೊಲನಿನ ಕಣಿವೆಗೆ ಇಳಿಯುವವರೆಗೂ ಕಾಲುಹಾದಿಯ ಎರಡೂ ಬದಿಗೆ ಬಿದ್ದಿದ್ದವು.

ಆ ಕಾಡಿನ ಚೆಂಚು ಜನ ಮಲ್ಲಯ್ಯನನ್ನು ತಮ್ಮ ಅಳಿಯ ಎನ್ನುತ್ತಾರೆ. ಉತ್ತರ ಕರ್ನಾಟಕದವರು ಅವನ ಮಡದಿ ಭ್ರಮರಾಂಬೆಯನ್ನು ನಮ್ಮ ಮನೆಮಗಳೆಂದು ಸೀರೆ, ಅರಿಶಿನ ಕುಂಕುಮ ಒಯ್ಯುತ್ತಾರೆ. ಕಣಿವೆಯಿಂದ ಕೈಲಾಸ ದ್ವಾರಕ್ಕೆ ಏರುವ ಕಡಿದಾದ ಮೆಟ್ಟಿಲಲ್ಲಿ ನನ್ನ ಗಂಟನ್ನು ಒಬ್ಬ ತರುಣ ಕೇಳದೆಯೇ ಹೆಗಲಿಗೇರಿಸಿಕೊಂಡು ಮೇಲೆ ಮುಟ್ಟಿಸಿದ. ಯಾವ ಕಡೆಯ ಬೀಗನೋ ತಿಳಿಯಲಿಲ್ಲ.

ಶ್ರೀಶೈಲದಲ್ಲಿ ದರ್ಶನದ ಸಾಲು ನನ್ನನ್ನು ನೋಯಿಸಿತು. ಹಾದಿಯುದ್ದಕ್ಕೂ ನೀರು ಹಂಚಿಕೊಂಡು ಬಂದ ಜನವೇ ಅಲ್ಲಿ ಮೊಣಕೈ ತಿವಿಯುತ್ತಿದ್ದರು. ಕಾಲಿನ ಧೂಳಿನೊಂದಿಗೇ ಬಂದು ದೇವರನ್ನು ಮುಟ್ಟುವ ಧೂಳಿದರ್ಶನದ ಸಂಪ್ರದಾಯವಿರುವ ಕ್ಷೇತ್ರದಲ್ಲಿ ಮುದುಕಿಯರು ಸಾಲಿನ ಸರಳುಗಳಿಗೆ ಒತ್ತಿಕೊಂಡು ಉಸಿರುಗಟ್ಟುತ್ತಿದ್ದರು. ಹಾದಿಯಲ್ಲಿ ಒಬ್ಬರು ಕುಡಿದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತಿರಲಿಲ್ಲ. ಇಲ್ಲಿ ಒಬ್ಬರ ಕ್ಷಣ ಇನ್ನೊಬ್ಬರ ಕ್ಷಣವನ್ನು ನುಂಗುತ್ತದೆ. ಜನ ಬದಲಾಗಿದ್ದಲ್ಲ, ಅವರನ್ನು ನಿಲ್ಲಿಸಿದ ಜಾಗ ಬದಲಾಗಿತ್ತು.

ಮರಳುವ ಬಸ್ಸಿನಲ್ಲಿ ನಮ್ಮ ತಂಡದ ಹೆಣ್ಣುಮಕ್ಕಳು ಬರುವ ಯುಗಾದಿಯ ಲೆಕ್ಕ ಹಾಕತೊಡಗಿದರು. ಪ್ರತಿಯೊಬ್ಬರ ಹೆಗಲ ಚೀಲಕ್ಕೂ ಒಂದು ಸ್ಟೀಲ್ ಲೋಟ ಕಟ್ಟಿಸುವುದು. ಆ ಬಿಸಿನೀರಿನ ಮನೆಗೆ ಒಂದು ಚೀಲ ಜೋಳ, ಒಂದು ಡಬ್ಬಿ ಕೊಬ್ಬರಿ ಎಣ್ಣೆ. "ಮುದುಕಿ ತಗೊಳ್ಳಂಗಿಲ್ಲ ಬಿಡ್ರಿ" ಎಂದಳು ಒಬ್ಬಳು. "ಸೊಸಿ ಕೈಯಾಗ ಕೊಡೂಣು" ಎಂದಳು ಇನ್ನೊಬ್ಬಳು. ಕಟ್ಟಿಗೆಯನ್ನೂ ಒಯ್ಯೋಣ ಎಂದು ನಾನು ಸೇರಿಸಿದೆ.