ಉಳಿದ 9 ಪುಸ್ತಕ

ಕಳೆದ ಜುಲೈನಲ್ಲಿ ನಮ್ಮ ಕನ್ನಡ ಬಳಗದ ಆರು ಜನ ಬೆಳಗಾವಿಯಿಂದ ಖಾನಾಪುರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ವಿ. ಜಾಂಬೋಟಿ ದಾಟಿದ ಮೇಲೆ ಬರೀ ಕಾಡು, ಮಳೆ. ಫೋನಿಗೆ ನೆಟ್‌ವರ್ಕ್ ಇಲ್ಲ. ಒಬ್ಬೊಬ್ಬರಿಗೆ ಒಂದರಂತೆ 40 ಕನ್ನಡ ಕಥೆ ಪುಸ್ತಕ ತಗೊಂಡು ಹೋಗಿದ್ವಿ. ಗೈರಾದವರ ಪುಸ್ತಕ ತೆಗೆದಿಟ್ಟ ಮೇಲೂ 9 ಉಳಿದ್ವು.

"ಅದು ಹೋದ ವರ್ಷದ ಲೆಕ್ಕ. ಈಗ 31 ಮಂದಿ ಅದಾರ" ಅಂದ್ರು ಮಾಸ್ತರ್ರು.

ಮೂರು ತರಗತಿ ಸೇರಿ 31! ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯ ಒಂದೇ ಸೆಕ್ಷನ್‌ನಲ್ಲಿ ಇದಕ್ಕಿಂತ ಜಾಸ್ತಿ ಇದ್ವಿ. ಹತ್ತನೇ ತರಗತಿಯ ಬೋರ್ಡಿನ ಮೂಲೆಯಲ್ಲಿ 'ಒಟ್ಟು 13' ಅಂತಿತ್ತು. ಎಂಟನೇ ತರಗತಿಯಲ್ಲಿ 'ಒಟ್ಟು 8, ಹಾಜರು 5'. ಬಾರದ ಮೂವರು ಹಳ್ಳದ ಆಚೆಯವರು. ಎಂಟನೇ ತರಗತಿಯವರಿಗೆ ಸರ್ಕಾರ 2006-07ರಲ್ಲಿ ಸೈಕಲ್ ಕೊಡೋಕೆ ಶುರು ಮಾಡಿತ್ತು. ಆದರೆ ತುಂಬಿದ ಹಳ್ಳಕ್ಕೆ ಸೈಕಲ್ ಏನು ಮಾಡೀತು?

ಹೆಚ್ಚಿನ ಮಕ್ಕಳ ಮನೆಮಾತು ಮರಾಠಿ. ಎಮ್ಮೆ ಸಾಕುವ ಧನಗರ ಗೌಳಿ ಮಕ್ಕಳೂ ಇದ್ರು. ಏಳನೇವರೆಗೆ ಮರಾಠಿ ಶಾಲೆಯಲ್ಲಿ ಓದಿದ್ದ ಒಬ್ಬ ಹುಡುಗಿ ನಮ್ಮ ಪುಸ್ತಕ ತೆರೆದು ಸರಸರ ಓದಿದಳು. ನಮ್ಮ ಸರದಿ ಬಂದಾಗ ಒತ್ತಕ್ಷರದಲ್ಲಿ ಎಡವಿದ್ವಿ. ಅವಳು ನಗಲಿಲ್ಲ, ಮೆಲ್ಲಗೆ ತಿದ್ದಿದಳು.

ಉಳಿದವರು ಎಲ್ಲಿ ಹೋದ್ರು ಅಂತ ಕೇಳಿದ್ವಿ. "ಹತ್ತನೇತ್ತೆ ಮುಗಿಸಿ ಹೋದಷ್ಟು ಮಂದಿ ಎಂಟಕ್ಕ ಬರಲಿಲ್ಲ. ಕೆಲವರ ಅಪ್ಪ-ಅವ್ವ ಗೋವಾಕ್ಕ ದುಡಿಯಾಕ ಹೋದ್ರು. ಕೆಲವರು ಇಂಗ್ಲಿಷ್ ಸಾಲಿಗೆ ಹಾಕಿದ್ರು" ಅಂದ್ರು. ಉಳಿದ ಪುಸ್ತಕ ಮುಂದಿನ ವರ್ಷ ಬರೋರಿಗೆ ಇರಲಿ ಅಂದ್ವಿ. "ಬಂದ್ರ ಕೊಡ್ತೀನಿ" ಅಂತ ಕಪಾಟಿನಲ್ಲಿಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನಮ್ಮಲ್ಲೇ ಇಬ್ಬರ ಅಪ್ಪಂದಿರು ಇದೇ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿದವರು. ನಮ್ಮನ್ನ ಇಂಗ್ಲಿಷ್ ಮೀಡಿಯಂಗೆ ಹಾಕಬೇಕು ಅಂತಲೇ ಬೆಳಗಾವಿಯಲ್ಲಿ ಮನೆ ಮಾಡಿದರು. ಅವರದು ತಪ್ಪು ಅನ್ನೋಕೆ ನಮಗೆ ಬಾಯಿಲ್ಲ. ಅದರಿಂದಲೇ ಇವತ್ತು ಇಂಜಿನಿಯರಿಂಗ್ ಓದ್ತಿದ್ದೀವಿ. ಆದರೆ ರಾಜ್ಯೋತ್ಸವದ ದಿನ ಚೆನ್ನಮ್ಮ ಸರ್ಕಲ್‌ನಲ್ಲಿ ಬಾವುಟ ಹಿಡಿದು ಕುಣಿಯೋ ನಾವು, ಆ ಹಾಜರಿ ಪುಸ್ತಕದಲ್ಲಿ ಕಡಿಮೆಯಾದ ಲೆಕ್ಕದಲ್ಲೂ ಇದ್ದೀವಿ. ಇದು ಅವತ್ತಿನವರೆಗೆ ನಮಗೆ ಹೊಳೆದೇ ಇರಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮಾಸ್ತರ್ರಿಗೆ ಫೋನ್ ಮಾಡಬೇಕು ಅಂದ್ಕೊಂಡಿದ್ದೀವಿ. ಕೇಳೋದು ಒಂದೇ: "ಸರ್, ಆ 9 ಪುಸ್ತಕ ಖಾಲಿಯಾದ್ವಾ?"