ಶೇಂಗಾ ಎಣ್ಣೆ ಕುಡಿದ ಟ್ರ್ಯಾಕ್ಸ್

2009ರ ಜನವರಿಯ ಮೊದಲ ವಾರ ಯಾರಿಗಾದರೂ ನೆನಪಿದೆಯಾ? 5ನೇ ತಾರೀಕು ದೇಶದ ಲಾರಿಗಳು ಮುಷ್ಕರಕ್ಕೆ ನಿಂತವು. 7ಕ್ಕೆ ಸರ್ಕಾರಿ ತೈಲ ಕಂಪನಿಗಳ ಅಧಿಕಾರಿಗಳು ಸಂಬಳ ಪರಿಷ್ಕರಣೆ ಕೇಳಿ ಕೆಲಸ ಬಿಟ್ಟು ಕೂತರು. ಬಂಕುಗಳ ಮುಂದೆ ಮೊದಲು ಕ್ಯೂ ಬೆಳೆಯಿತು, ಆಮೇಲೆ ಕ್ಯೂ ಕೂಡ ಇಲ್ಲವಾಯಿತು. ಹಗ್ಗ ಕಟ್ಟಿ ‘ಸ್ಟಾಕ್ ಇಲ್ಲ’ ಅಂತ ರಟ್ಟು ತೂಗುಹಾಕಿದರು. ಚಳ್ಳಕೆರೆಯ ನಾವೊಂದಷ್ಟು ಮಂದಿ ಮಾಲೆ ಹಾಕಿದವರು ಸರಿಯಾಗಿ ಅದೇ ಹೊತ್ತಿಗೆ ಇರುಮುಡಿ ಕಟ್ಟಿಕೊಂಡು ಶಬರಿಮಲೆಗೆ ಹೊರಟಿದ್ದೆವು. ಮೈಸೂರಲ್ಲಿ ಹಾಕಿಸಿದರಾಯಿತು ಅಂದುಕೊಂಡೆವು, ಸಿಗಲಿಲ್ಲ. ನಂಜನಗೂಡಲ್ಲೂ ಇಲ್ಲ. ಗುಂಡ್ಲುಪೇಟೆ ಮುಟ್ಟುವಾಗ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು.

ಮುಂದೆ ಬಂಡೀಪುರದ ಅಂಚಿನ ಕಾಡು, ಮುತ್ತಂಗ, ಬತ್ತೇರಿ, ಅಲ್ಲಿಂದ ವಯನಾಡಿನ ಘಾಟಿ ಇಳಿದು ಕೋಳಿಕ್ಕೋಡು. ಎಲ್ಲ ಸೇರಿ ನೂರೈವತ್ತು ಕಿಲೋಮೀಟರಿನ ಆಸುಪಾಸು. ಕಾಡಿನ ನಡುವೆ ಗಾಡಿ ನಿಂತರೆ ಆನೆಗೆ ಶರಣು ಅನ್ನಬೇಕು. ಗುರುಸ್ವಾಮಿ ಛತ್ರದ ಜಗುಲಿ ಮೇಲೆ ಕೂತು ಶರಣು ಕೂಗಿಸುತ್ತಿದ್ದರು. ಡ್ರೈವರ್ ಓಬಳೇಶಣ್ಣ ಮಾತ್ರ ಕೂಗಲಿಲ್ಲ. ಅವನ ಕಣ್ಣು ಅಡುಗೆ ಸಾಮಾನಿನ ಮೇಲಿತ್ತು.

ನಮ್ಮ ಜೊತೆ 15 ಕೆಜಿಯ ಒಂದು ಟಿನ್ ಶೇಂಗಾ ಎಣ್ಣೆ ಇತ್ತು. ಚಳ್ಳಕೆರೆ ಅಂದಮೇಲೆ ಕೇಳಬೇಕೆ, ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು. ಯಾತ್ರೆಗೆ ಹೊರಟವರ ಗಾಡಿಗೆ ಮಿಲ್ಲಿನವರು ಒಂದು ಟಿನ್ ಏರಿಸಿಯೇ ಕಳಿಸುವುದು. ದಾರಿಯಲ್ಲಿ ನಮ್ಮ ಅಡುಗೆಗೆ ಆಗಿ ಮಿಕ್ಕಿದ್ದನ್ನು ಎರುಮೇಲಿಯಲ್ಲಿ ಅನ್ನದಾನಕ್ಕೆ ಕೊಡಬೇಕು ಅಂತ ಮಾತಾಗಿತ್ತು.

“ಗುರುಸ್ವಾಮಿ, ಆ ಟಿನ್ ನನಗೆ ಕೊಡ್ರಿ. ಗಾಡಿಗೆ ಹಾಕ್ತೀನಿ.”

ಅಡುಗೆಯ ಜವಾಬ್ದಾರಿ ಹೊತ್ತಿದ್ದ ರುದ್ರಸ್ವಾಮಿ ಸೌಟು ಹಿಡಿದೇ ಎದ್ದ. “ಗಾಡಿಗೆ ಶೇಂಗಾ ಎಣ್ಣೆ, ನಮಗೆ ನೀರಿನ ಒಗ್ಗರಣೆಯಾ ಸ್ವಾಮಿ?”

ಓಬಳೇಶಣ್ಣ ಚಾಲಕನಾಗುವ ಮೊದಲು ಮಿಲ್ಲಿನಲ್ಲಿದ್ದವನು. ಕರೆಂಟು ಹೋಗಿ ಡೀಸೆಲ್ಲೂ ಮುಗಿದ ರಾತ್ರಿಗಳಲ್ಲಿ ಅಲ್ಲಿನ ಹಳೆಯ ಇಂಜಿನ್ನಿಗೆ ಗಾಣದ ಎಣ್ಣೆಯನ್ನೇ ಸುರಿದು ಓಡಿಸಿದ್ದನಂತೆ. “ಈ ಟ್ರ್ಯಾಕ್ಸಿಂದು ಬೆಂಜ್ ಇಂಜಿನ್ ಸ್ವಾಮಿ. ಮೈಕೋದ ಇನ್‌ಲೈನ್ ಪಂಪು, ಇಂಜಿನ್ ಆಯಿಲ್ಲಲ್ಲೇ ಓಡ್ತೈತೆ. ರೋಟರಿ ಪಂಪಾಗಿದ್ರೆ ನಾನೇ ಬ್ಯಾಡ ಅಂತಿದ್ದೆ.” ಅವನು ಹೇಳಿದ್ದು ಸರಿ. ಬಜಾಜ್ ಟೆಂಪೋದವರು ಆ ಗಾಡಿಗಳಿಗೆ ಕೂರಿಸುತ್ತಿದ್ದದ್ದು ಮರ್ಸಿಡಿಸ್‌ನ ಓಎಂ 616, ಪರವಾನಗಿ ಪಡೆದು ಇಲ್ಲೇ ತಯಾರಿಸಿದ್ದು. ಅದರಲ್ಲಿ ಇಂಧನ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ; ಪಕ್ಕದ ಪುಟ್ಟ ಕೋಣೆಯೊಂದರಲ್ಲಿ ಮೊದಲು ಹೊತ್ತಿಕೊಂಡು ಆಮೇಲೆ ಒಳನುಗ್ಗುತ್ತದೆ. ಹಾಗಾಗಿ ಮಂದವಾದ ಎಣ್ಣೆಯನ್ನೂ ಅದು ತಕ್ಕಮಟ್ಟಿಗೆ ಅರಗಿಸಿಕೊಳ್ಳುತ್ತದೆ. ಈಗಿನ ಕಾಮನ್ ರೈಲ್ ಇಂಜಿನ್ನಿಗೆ ಈ ಪ್ರಯೋಗ ಮಾಡಲು ಹೋಗಬೇಡಿ, ಪಂಪು ಇಂಜೆಕ್ಟರು ಎರಡೂ ಹೋಗುತ್ತವೆ.

ಗುರುಸ್ವಾಮಿ ಕೇಳಿದ್ದು ಒಂದೇ ಮಾತು: “ಇರುಮುಡಿ ತುಪ್ಪ ಕೇಳಲ್ಲ ತಾನೇ?”

“ಅಯ್ಯಪ್ಪಾ, ಎಂಥಾ ಮಾತು” ಅಂತ ಓಬಳೇಶಣ್ಣ ಕೆನ್ನೆ ಬಡಿದುಕೊಂಡ. ಟಿನ್ ಬಾಯಿ ತೆರೆಯಿತು.

ಕಷ್ಟವೆಲ್ಲ ಎಣ್ಣೆಯ ಮಂದತನದಲ್ಲಿತ್ತು. ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಗುಂಡ್ಲುಪೇಟೆಯ ಚಳಿಗೆ ಇನ್ನೂ ಗಟ್ಟಿ. ಪಂಪು ಎಳೆಯಬೇಕು, ನಾಜಲ್ ಅದನ್ನು ಹನಿಯಾಗಿ ಸುರಿಸದೆ ಹೊಗೆಯಂತೆ ಚಿಮ್ಮಿಸಬೇಕು. ಕಾಯಿಸಿದರೆ ತೆಳುವಾಗುತ್ತದೆ. ಉಪ್ಪಿಟ್ಟಿಗೆಂದು ಹಚ್ಚಿದ್ದ ಪಂಪ್ ಸ್ಟೌವಿನ ಮೇಲೆ ಅದೇ ಬಾಣಲೆಯಲ್ಲಿ ಎಣ್ಣೆ ಬೆಚ್ಚಗಾಯಿತು. ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸಿದರು. ಸ್ಟೌವಿಗೆಂದು ತಂದಿದ್ದ ಸೀಮೆಎಣ್ಣೆಯಲ್ಲಿ ಒಂದು ಪಾಲು ಬೆರೆಸಿ, ತಳದಲ್ಲಿ ಉಳಿದಿದ್ದ ಡೀಸೆಲ್ಲಿನ ಮೇಲೆ ಸುರಿದರು. ಅದಕ್ಕೂ ಮೊದಲು ಓಬಳೇಶಣ್ಣ ಒಂದು ಬಾಟಲಿ ಡೀಸೆಲ್ ತೆಗೆದಿಟ್ಟುಕೊಂಡಿದ್ದ, ಬೆಳಗಿನ ಸ್ಟಾರ್ಟಿಗೆ. ಮಿಲ್ಲಿನ ಬುದ್ಧಿ.

ಇಂಜಿನ್ ಕೆಮ್ಮಿತು, ಬೆಳ್ಳಗೆ ಹೊಗೆ ಬಿಟ್ಟಿತು. ಆಮೇಲೆ, ನಂಬಿ, ಮೊದಲಿಗಿಂತ ಮೆತ್ತಗೆ ಓಡತೊಡಗಿತು. ಹಿಂದಿನ ಸೀಟಿನವರಿಗೆ ಬೋಂಡ ಕರಿಯುವ ವಾಸನೆ. ವ್ರತದಲ್ಲಿ ಒಂದೇ ಹೊತ್ತು ಊಟ ಮಾಡುತ್ತಿದ್ದವರಿಗೆ ಅದು ಸಣ್ಣ ಶಿಕ್ಷೆಯಲ್ಲ. ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ಬಾಗಿಲು ತೆಗೆಸಿದವನು ಮೂಗರಳಿಸಿ ಒಳಗೆಲ್ಲ ಹುಡುಕಿದ. ತಿಂಡಿಯ ಬುಟ್ಟಿ ಎಲ್ಲಿ ಅಂತ ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಓಬಳೇಶಣ್ಣ ಮಾಡಿದ್ದು ಹೊಸದೇನಲ್ಲ ಅಂತ ನನಗೆ ಆಮೇಲೆ ಓದಿ ತಿಳಿಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಇಂಜಿನ್ ಇದೇ ಶೇಂಗಾ ಎಣ್ಣೆಯಲ್ಲಿ ಓಡಿತ್ತು. ಏನೂ ಬದಲಾಯಿಸದೆ ಓಡಿತು, ನೋಡಿದ ಹೆಚ್ಚಿನವರಿಗೆ ಅದು ಗೊತ್ತೂ ಆಗಲಿಲ್ಲ ಅಂತ ರುಡಾಲ್ಫ್ ಡೀಸೆಲ್ಲನೇ 1912ರಲ್ಲಿ ಹೇಳಿಕೊಂಡಿದ್ದಾನೆ. ಫ್ರೆಂಚ್ ಸರ್ಕಾರಕ್ಕೆ ಆಫ್ರಿಕಾದ ತನ್ನ ವಸಾಹತುಗಳಲ್ಲಿ ಬೆಳೆಯುತ್ತಿದ್ದ ಶೇಂಗಾದ ಮೇಲೆ ಕಣ್ಣಿತ್ತು. ಇನ್ನು ವೇಲ್ಸ್‌ನ ಲ್ಲಾನೆಲ್ಲಿ ಎಂಬ ಊರಿನವರು 2002ರಲ್ಲಿ ಅಂಗಡಿಯ ಅಡುಗೆ ಎಣ್ಣೆಯನ್ನೇ ಕಾರಿಗೆ ಹಾಕಿ ಓಡಾಡಿದರು. ತೆರಿಗೆ ತಪ್ಪಿಸಿದ್ದಕ್ಕೆ ಅಧಿಕಾರಿಗಳು ರಸ್ತೆಯಲ್ಲಿ ಹೊಗೆಯ ವಾಸನೆ ಹಿಡಿದು ಗಾಡಿ ನಿಲ್ಲಿಸಿದರಂತೆ. ಅಲ್ಲಿ ಆಗ ಡೀಸೆಲ್ ಮೇಲಿನ ತೆರಿಗೆಯಿಂದಾಗಿ ಅಡುಗೆ ಎಣ್ಣೆಯೇ ಅಗ್ಗವಾಗಿತ್ತು. ನಮ್ಮಲ್ಲಿ ಉಲ್ಟಾ: ನಾವು ಯಾತ್ರೆ ಹೊರಟ ವರ್ಷ ಶೇಂಗಾ ಎಣ್ಣೆಗೆ ಡೀಸೆಲ್ಲಿನ ಎರಡರಷ್ಟಾದರೂ ಬೆಲೆ. ಅದಕ್ಕೇ ಇಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು ತಿನ್ನಲಾಗದ ಎಣ್ಣೆ ಹುಡುಕಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಜನರೇಟರ್ ಓಡಿಸಿ ನೀರೆತ್ತಿಸಿದ್ದು ಹೊಂಗೆ ಎಣ್ಣೆಯಿಂದ. ನಮ್ಮದು ಒಗ್ಗರಣೆಯ ಎಣ್ಣೆ, ರುದ್ರಸ್ವಾಮಿಯ ಸಿಟ್ಟಿಗೆ ಅರ್ಥವಿತ್ತು.

ರಾತ್ರಿ ವೈತ್ತಿರಿಯಲ್ಲಿ ತಂಗಿದೆವು. ಬೆಳಿಗ್ಗೆ ಗಾಡಿ ಏಳಲಿಲ್ಲ. ಫಿಲ್ಟರಿನಲ್ಲಿ ಎಣ್ಣೆ ಹೆಪ್ಪು ಹಿಡಿದಂತಾಗಿತ್ತು. ಇಲ್ಲಿ ಎಲ್ಲೆಲ್ಲೂ ಕೊಬ್ಬರಿ ಎಣ್ಣೆ ಸಿಗುತ್ತದಲ್ಲ, ಅದನ್ನೇ ಹಾಕೋಣ ಅಂತ ಕನ್ನಿಸ್ವಾಮಿಯೊಬ್ಬ ಸಲಹೆ ಕೊಟ್ಟ. ಓಬಳೇಶಣ್ಣ ಮಾತಾಡದೆ ಅವನನ್ನು ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗಿ ಕಪಾಟಿನ ಬಾಟಲಿ ತೋರಿಸಿದ. ಚಳಿಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಫಿಲ್ಟರ್ ಬಿಚ್ಚಿ ಬಿಸಿನೀರಿನ ಬಟ್ಟೆ ಸುತ್ತಿ, ತೆಗೆದಿಟ್ಟಿದ್ದ ಡೀಸೆಲ್ ಅದಕ್ಕೆ ತುಂಬಿ, ಗಾಳಿ ತೆಗೆದು, ನಾವೆಲ್ಲ ಬರಿಗಾಲಲ್ಲಿ ತಳ್ಳಿ ಎಬ್ಬಿಸಿದೆವು. ಒಂಬತ್ತು ತಿರುವಿನ ತಾಮರಶ್ಶೇರಿ ಘಾಟಿ ಇಳಿಜಾರು, ಅಲ್ಲಿ ಎಣ್ಣೆಯ ಖರ್ಚೇ ಇಲ್ಲ. 9ರ ಸಂಜೆ ಅಧಿಕಾರಿಗಳ ಮುಷ್ಕರ ಮುರಿಯಿತು, ಮಾರನೆಯ ದಿನ ಕೋಳಿಕ್ಕೋಡಿನಲ್ಲಿ ಡೀಸೆಲ್ ಸಿಕ್ಕಿತು. ಅಲ್ಲಿಂದ ಮುಂದೆ ಊರು ಸೇರುವ ತನಕ ನಮ್ಮೂಟ ಗಂಜಿ, ಉಪ್ಪಿನಕಾಯಿ, ಬೇಯಿಸಿದ ಕಾಳು.

ಊರಲ್ಲಿ ಲೆಕ್ಕ ಕೂತಾಗ ನಿಜವಾದ ಜಗಳ ಶುರುವಾಯಿತು. ಬಾಡಿಗೆ ಮಾತಾಡಿದ್ದು ಡೀಸೆಲ್ ಸೇರಿಸಿ. ಹಾಗಾದರೆ ಎಣ್ಣೆಯ ದುಡ್ಡು ಗಾಡಿ ಮಾಲೀಕನದ್ದು. ಡೀಸೆಲ್ ರೇಟಿನಲ್ಲಿ ಕೊಡುತ್ತೇನೆ, ಹೊಸ ಫಿಲ್ಟರಿನ ದುಡ್ಡು ಮುರಿದುಕೊಳ್ಳುತ್ತೇನೆ ಅಂದ ಅವನು. ಎಣ್ಣೆ ರೇಟೇ ಬೇಕು, ಸೀಮೆಎಣ್ಣೆಯದ್ದು ಬೇರೆ ಅಂದ ರುದ್ರಸ್ವಾಮಿ. ಗುರುಸ್ವಾಮಿ ಇಬ್ಬರನ್ನೂ ಸುಮ್ಮನಿರಿಸಿ, ಫಿಲ್ಟರ್ ನಾವು ಹಾಕಿಸೋಣ, ನೀನು ಟಿನ್ನಿಗೆ ಟಿನ್ ತಂದುಕೊಡು ಅಂತ ತೀರ್ಮಾನ ಮಾಡಿದರು.

ವಾರ ಕಳೆದು ಟಿನ್ ಬಂತು. ರುದ್ರಸ್ವಾಮಿ ಮುಚ್ಚಳ ಒಡೆದು, ಬೆರಳು ಅದ್ದಿ, ಮೂಸಿ ನೋಡಿದ. ಪಾಮೋಲಿನ್.