ಅಡ್ಡಹೆಸರು ಹೊತ್ತ ಬಾರ್ಕ್ಲೇ

ಅಮೆರಿಕದ 'ಸ್ಟಾರ್ ಟ್ರೆಕ್' ಎಂಬ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿಯ ಹೆಸರನ್ನು ನಮ್ಮ ಓದುಗರಲ್ಲಿ ಹಲವರು, ವಿಶೇಷವಾಗಿ ಯುವಕರು, ಕೇಳಿಯೇ ಇರುತ್ತಾರೆ. 1987ರಿಂದ 1994ರವರೆಗೆ ಪ್ರಸಾರವಾದ ಅದರ 'ದಿ ನೆಕ್ಸ್ಟ್ ಜನರೇಷನ್' ಸರಣಿಯಲ್ಲಿ ಎಂಟರ್‌ಪ್ರೈಸ್ ಎಂಬ ಗಗನನೌಕೆಯೊಂದಿದೆ. ಆ ನೌಕೆಯ ಅಧಿಕಾರಿಗಳೆಲ್ಲ ಅಸಾಮಾನ್ಯರು. ನಾಯಕ ಪಿಕಾರ್ಡ್ ಧೀರ, ವಿವೇಕಿ. ಉಪನಾಯಕ ರೈಕರ್ ಸುಂದರ, ಸಾಹಸಿ. ಡೇಟಾ ಎಂಬ ಯಂತ್ರಮಾನವನಿಗೆ ತಿಳಿಯದ ವಿಷಯವೇ ಇಲ್ಲ. ಮಾತಿನಲ್ಲಿ ತಡವರಿಸುವವರು, ಕೆಲಸಕ್ಕೆ ತಡವಾಗಿ ಬರುವವರು, ಸಭೆಯಲ್ಲಿ ಬೆವರುವವರು ಅಲ್ಲಿ ಯಾರೂ ಇಲ್ಲ. ಇಂಥ ನೌಕೆಗೆ 1990ರ ಏಪ್ರಿಲ್‌ನಲ್ಲಿ ಪ್ರಸಾರವಾದ 'ಹಾಲೋ ಪರ್ಸ್ಯೂಟ್ಸ್' ಸಂಚಿಕೆಯಲ್ಲಿ ರೆಜಿನಾಲ್ಡ್ ಬಾರ್ಕ್ಲೇ ಎಂಬ ಇಂಜಿನಿಯರ್ ಕಾಲಿಟ್ಟ.

ಈತನಲ್ಲಿ ಮೇಲೆ ಹೇಳಿದ ಎಲ್ಲ ಕೊರತೆಗಳೂ ಇದ್ದವು. ಆ ಸರಣಿಯ 178 ಸಂಚಿಕೆಗಳ ಪೈಕಿ ಬಾರ್ಕ್ಲೇ ಬರುವುದು ಕೇವಲ ಐದರಲ್ಲಿ. ಆದರೂ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಅಭಿಮಾನಿಗಳು ಅವನನ್ನು ಮರೆತಿಲ್ಲ. ಧೀರರನ್ನೂ ವಿದ್ವಾಂಸರನ್ನೂ ಬಿಟ್ಟು ಈ ಅಂಜುಬುರುಕನನ್ನು ತಮ್ಮವನೆಂದು ಅವರು ಅಪ್ಪಿಕೊಂಡಿರುವುದೇಕೆ ಎಂಬುದು ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿದ ಪ್ರಶ್ನೆ.

ಮದ್ರಸದಲ್ಲಿ ಓದಿದ ಉಸ್ತಾದರಿಗೆ ಗಗನನೌಕೆಯ ಉಸಾಬರಿ ಏಕೆಂದು ಕೆಲವರು ಹುಬ್ಬೇರಿಸಬಹುದು. ಇದಕ್ಕೆ ಕಾರಣ ನಮ್ಮ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾಗ ರಜೆಯಲ್ಲಿ ಬಂದವನು, "ಮಾಮಾ, ಒಂದೇ ಒಂದು ಸಂಚಿಕೆ ನೋಡಿ. ಇದು ನಿಮ್ಮ ತರಗತಿಯ ವಿಷಯ" ಎಂದು ತನ್ನ ಲ್ಯಾಪ್‌ಟಾಪನ್ನು ನಮ್ಮ ಮುಂದಿಟ್ಟ. ಅವನು ಹೇಳಿದ್ದು ನಿಜವಾಗಿತ್ತು.

ಸಂಚಿಕೆಯ ಆರಂಭದಲ್ಲಿ ನಾವು ಕಾಣುವ ಬಾರ್ಕ್ಲೇ ಮಹಾ ಪರಾಕ್ರಮಿ. ತನ್ನ ಮೇಲಧಿಕಾರಿಗಳಾದ ಲಾಫೋರ್ಜ್ ಮತ್ತು ರೈಕರ್ ಅವರನ್ನು ತಳ್ಳಿಹಾಕುತ್ತಾನೆ, ಯಾರಿಗೂ ಸೊಪ್ಪು ಹಾಕುವುದಿಲ್ಲ. ಕೆಲಸಕ್ಕೆ ಬರುವಂತೆ ಕರೆ ಬಂದೊಡನೆ ಎಲ್ಲವೂ ಮಾಯವಾಗುತ್ತದೆ. ಅದು ಹೋಲೋಡೆಕ್. ಗಣಕಯಂತ್ರ ಕೇಳಿದ ಲೋಕವನ್ನೂ ಕೇಳಿದ ಮನುಷ್ಯರನ್ನೂ ಬೆಳಕಿನಿಂದ ಸೃಷ್ಟಿಸಿಕೊಡುವ ಕೋಣೆ. ಹೊರಗೆ ಬಂದ ಬಾರ್ಕ್ಲೇ ತಡವಾಗಿ ಓಡುತ್ತಾನೆ, ಬೈಸಿಕೊಳ್ಳುತ್ತಾನೆ, ತಲೆ ತಗ್ಗಿಸುತ್ತಾನೆ. ಹಗಲೆಲ್ಲ ಅವಮಾನ, ಬಿಡುವಾದೊಡನೆ ಕೋಣೆಯೊಳಗಿನ ರಾಜ್ಯಭಾರ. ಅಂಗೈಯಗಲದ ಪರದೆಯೊಳಗೆ ಇಂಥದೇ ಕೋಣೆ ಇಂದು ನಮ್ಮ ಮಕ್ಕಳ ಜೇಬಿನಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನೌಕೆಯವರು ಅವನಿಗೆ ಇಟ್ಟ ಅಡ್ಡಹೆಸರು 'ಬ್ರೊಕೊಲಿ'. ಈಗ ನಮ್ಮ ಪೇಟೆಗಳಲ್ಲೂ ಸಿಗುವ, ಹಸಿರು ಹೂಕೋಸಿನಂಥ ತರಕಾರಿ. ವೆಸ್ಲಿ ಎಂಬ ಹುಡುಗ ಇಟ್ಟ ಹೆಸರು ಬಾಯಿಂದ ಬಾಯಿಗೆ ಹರಡಿ, ಕೊನೆಗೆ ಸ್ವತಃ ಪಿಕಾರ್ಡ್ ಎಲ್ಲರೆದುರು ಬಾಯಿತಪ್ಪಿ ಅವನನ್ನು ಹಾಗೆಯೇ ಕರೆದುಬಿಡುತ್ತಾನೆ. ಕರೆದೊಡನೆ ನಾಚುತ್ತಾನೆ. ಆಗ ಡೇಟಾ, ಇದು ಉಚ್ಚಾರಣೆಯಲ್ಲಿ ಸಾಮಾನ್ಯವಾಗಿ ನಡೆಯುವ ವರ್ಣಪಲ್ಲಟವೆಂದು ವಿವರಿಸತೊಡಗುತ್ತಾನೆ. ಮನೆಮಾತಿನಲ್ಲಿ 'ಮತ್ಲಬ್' ಎನ್ನುವುದು 'ಮತ್ಬಲ್' ಆಗುತ್ತದಲ್ಲ, ಅದೇ ಬಗೆ. ಕನ್ನಡ ಪದವಿ ತರಗತಿಯಲ್ಲಿ ಭಾಷಾವಿಜ್ಞಾನದ ಈ ಪಾಠ ಓದಿದ ನಮಗೆ ಮೊದಲು ನಗು ಬಂತು. ಆ ಕ್ಷಣ ಬಾರ್ಕ್ಲೇಯ ಮುಖವನ್ನು ಕಂಡಾಗ ನಗು ಅಲ್ಲಿಗೇ ನಿಂತಿತು. ಯಂತ್ರಮಾನವನಿಗೆ ವ್ಯಾಕರಣ ಗೊತ್ತು. ಗಾಯ ಎಲ್ಲಿ ಆಯಿತೆಂಬುದು ಗೊತ್ತಿಲ್ಲ.

ಪವಿತ್ರ ಕುರ್‌ಆನ್‌ನ 49ನೇ ಅಧ್ಯಾಯ ಅಲ್ ಹುಜುರಾತ್‌ನಲ್ಲಿ ಪರಿಹಾಸ್ಯ ಮಾಡುವುದನ್ನೂ ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸಲಾಗಿದೆ. ಈ ವಚನವನ್ನು ನಾವು ವರ್ಷವರ್ಷವೂ ಪಾಠ ಮಾಡುತ್ತೇವೆ, ಮಕ್ಕಳು ಕಂಠಪಾಠ ಮಾಡುತ್ತಾರೆ, ಗಂಟೆ ಬಾರಿಸಿದೊಡನೆ ಅಂಗಳದಲ್ಲಿ 'ಕೋಲ', 'ಡುಮ್ಮ', 'ಕುಳ್ಳ' ಶುರುವಾಗುತ್ತದೆ. ನಾವು ಬಲ್ಲ ಒಂದು ಶಾಲೆಯಲ್ಲಿ ತೊದಲು ಮಾತಿನ ಹುಡುಗನೊಬ್ಬನಿದ್ದ. ಕುರ್‌ಆನ್ ಪಾರಾಯಣಕ್ಕೆ ಕುಳಿತರೆ ಅವನ ನಾಲಿಗೆ ಎಲ್ಲಿಯೂ ತಡೆಯುತ್ತಿರಲಿಲ್ಲ, ಸ್ವರ ಹರಿಯುವ ನೀರಿನಂತೆ ಸಾಗುತ್ತಿತ್ತು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದಾಗ ಮಾತ್ರ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮಕ್ಕಳು ಅವನಿಗೆ 'ರೇಡಿಯೋ' ಎಂದು ಹೆಸರಿಟ್ಟರು. ಕೆಲವು ತಿಂಗಳಲ್ಲಿ ಆ ಹೆಸರು ಅಧ್ಯಾಪಕರ ಕೊಠಡಿಗೂ ಬಂತು. ಅಂಕಪಟ್ಟಿ ಓದುವಾಗ, "ರೇಡಿಯೋಗೆ ಗಣಿತದಲ್ಲಿ ಎಷ್ಟು?" ಎಂದು ಒಬ್ಬರು ಕೇಳಿದರೆ ಉಳಿದವರು ನಗುತ್ತಿದ್ದರು. ಒಂದು ದಿನ ಅವನ ತಾಯಿ ಬಂದು, "ಉಸ್ತಾದ್, ಬೆಳಗಾದರೆ ಸಾಕು, ಹೊಟ್ಟೆನೋವು ಅಂತಾನೆ. ಡಾಕ್ಟರು ಏನೂ ಇಲ್ಲ ಅಂತಾರೆ" ಎಂದರು.

ಪ್ರವಾದಿ ಮೂಸಾರವರು ತಮ್ಮ ನಾಲಿಗೆಯ ಗಂಟನ್ನು ಸಡಿಲಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರು, ನೆರವಿಗೆ ಸಹೋದರ ಹಾರೂನರನ್ನು ಬೇಡಿದರು ಎಂಬುದನ್ನು ನಾವು ಆ ತಾಯಿಗೆ ನೆನಪಿಸಿದೆವು. ಅವರಿಗೂ ತಿಳಿದಿದ್ದ ಸಂಗತಿಯೇ. ಆದರೆ ಆ ಹುಡುಗನಿಗೆ ಹಾರೂನ್ ಯಾರು?

ಎಂಟರ್‌ಪ್ರೈಸ್ ನೌಕೆಯಲ್ಲಿ ಈ ಪ್ರಶ್ನೆ ಎದ್ದ ರೀತಿ ಬೇರೆ. ಬಾರ್ಕ್ಲೇಯನ್ನು ಬೇರೆಡೆಗೆ ವರ್ಗ ಮಾಡಬೇಕೆಂದು ರೈಕರ್ ಮತ್ತು ಲಾಫೋರ್ಜ್ ನಾಯಕನ ಬಳಿ ದೂರು ಒಯ್ಯುತ್ತಾರೆ. ಪಿಕಾರ್ಡ್ ಒಪ್ಪುವುದಿಲ್ಲ. ತಲೆನೋವನ್ನು ಇನ್ನೊಂದು ನೌಕೆಗೆ ದಾಟಿಸುವ ಬದಲು ಮೊದಲು ಅವನ ಪರಿಚಯ ಮಾಡಿಕೊಳ್ಳುವಂತೆ ಲಾಫೋರ್ಜ್‌ಗೆ ಹೇಳುತ್ತಾನೆ. ಲಾಫೋರ್ಜ್‌ಗೆ ಇದು ಶಿಕ್ಷೆಯಂತೆ ಕಾಣುತ್ತದೆ. ಅವನ ಕಣ್ಣು ತೆರೆಸುವವಳು ನೌಕೆಯ ವಿಶ್ರಾಂತಿ ಗೃಹ ನೋಡಿಕೊಳ್ಳುವ ಗೈನನ್. ಅವಳು ಉಪದೇಶ ಮಾಡುವುದಿಲ್ಲ. ಸುತ್ತಲಿನವರಿಗೆ ತಾನು ಬೇಡವೆಂದು ಅನ್ನಿಸಿದರೆ ತಾನೂ ತಡವಾಗಿಯೇ ಬರುತ್ತಿದ್ದೆ, ತಾನೂ ಅಳುಕುತ್ತಿದ್ದೆ ಎಂಬ ಅರ್ಥದ ಮಾತನ್ನು ತಣ್ಣಗೆ ಹೇಳಿ ಸುಮ್ಮನಾಗುತ್ತಾಳೆ. ಶಿಕ್ಷಕ ತರಬೇತಿಯಲ್ಲಿ ನಾವು ಕೇಳಿದ ಎಷ್ಟೋ ಉಪನ್ಯಾಸಗಳಿಗಿಂತ ಈ ಒಂದು ಮಾತು ತೂಕವಾದದ್ದು.

ಇಲ್ಲಿಯವರೆಗೆ ಅಭಿಮಾನಿಗಳೊಡನೆ ನಮಗೆ ಭಿನ್ನಮತವಿಲ್ಲ. ಸಂತೆಯಲ್ಲಿಯೂ ಒಂಟಿಯಾಗುವವರು, ಮದುವೆ ಮನೆಯಲ್ಲಿ ಯಾರೊಡನೆ ಏನು ಮಾತಾಡಬೇಕೆಂದು ತಿಳಿಯದೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತ ನಿಲ್ಲುವವರು ಎಲ್ಲ ನಾಡುಗಳಲ್ಲೂ ಇದ್ದಾರೆ. ತಾನು ಕೂಟದ ಮೂಲೆಯಲ್ಲಿ ನಿಂತು ಕುಂಡದ ಗಿಡವನ್ನು ನೋಡುತ್ತಿರುವಂತೆ ನಟಿಸುವವನೆಂದು ಬಾರ್ಕ್ಲೇ ಹೇಳಿಕೊಂಡಾಗ ಅಂಥವರೆಲ್ಲ ಅವನಲ್ಲಿ ತಮ್ಮನ್ನು ಕಂಡುಕೊಂಡರು. ಧಾರಾವಾಹಿ ತಮ್ಮನ್ನೇ ಗೇಲಿ ಮಾಡಿತೆಂದು ಮುನಿಸಿಕೊಂಡ ಅಭಿಮಾನಿಗಳೂ ಇದ್ದರು. ಬಾರ್ಕ್ಲೇಯಾಗಿ ನಟಿಸಿದ ಡ್ವೈಟ್ ಶುಲ್ಟ್ಸ್ ಅದಕ್ಕೂ ಮುನ್ನ 'ದಿ ಎ-ಟೀಮ್' ಎಂಬ ಧಾರಾವಾಹಿಯ ಹುಚ್ಚಾಟದ ವಿಮಾನಚಾಲಕನಾಗಿ ಹೆಸರಾದವರು. ಆದರೂ ಇಲ್ಲಿ ಅವರು ಪಾತ್ರವನ್ನು ನಗೆಪಾಟಲಾಗಲು ಬಿಟ್ಟಿಲ್ಲ.

ಆದರೆ ಬಾರ್ಕ್ಲೇಯ ಕುಂದು ತೊದಲು ಮತ್ತು ಸಂಕೋಚ ಮಾತ್ರವಲ್ಲ. ಹೋಲೋಡೆಕ್‌ನಲ್ಲಿ ಅವನು ತನ್ನ ಸಹೋದ್ಯೋಗಿಗಳ ಪ್ರತಿರೂಪಗಳನ್ನೇ ಮಾಡಿಕೊಂಡಿದ್ದ. ರೈಕರ್‌ನನ್ನು ಕುಳ್ಳನನ್ನಾಗಿಸಿ ಸೇಡು ತೀರಿಸಿಕೊಂಡದ್ದನ್ನು ನಗುತ್ತ ಬಿಡಬಹುದು. ನೌಕೆಯ ಮನಶ್ಶಾಸ್ತ್ರಜ್ಞೆ ಟ್ರಾಯ್‌ಳನ್ನು ಅವಳಿಗೆ ತಿಳಿಯದಂತೆ ತನ್ನ ಪ್ರಣಯದ ಗೊಂಬೆಯನ್ನಾಗಿಸಿಕೊಂಡದ್ದು ಹಾಗಲ್ಲ. ಕಲ್ಪನೆ ಆರೋಗ್ಯಕರವೆಂದು ಹೇಳುತ್ತಿದ್ದ ಆಕೆಯೇ ತನ್ನ ಪ್ರತಿರೂಪವನ್ನು ಕಂಡಾಗ ಕೆರಳುತ್ತಾಳೆ. ಅಭಿಮಾನಿಗಳು ಇದನ್ನು ಮುಗ್ಧ ಪ್ರಮಾದವೆಂದು ಸವರಿಬಿಡುವುದು ನಮಗೆ ಸರಿ ಕಾಣುವುದಿಲ್ಲ. ಹೆಣ್ಣುಮಗಳೊಬ್ಬಳ ಮುಖವನ್ನು ಅವಳ ಒಪ್ಪಿಗೆಯಿಲ್ಲದೆ ಬೇರೊಂದು ಚಿತ್ರಕ್ಕೆ ಅಂಟಿಸುವ ತಂತ್ರಜ್ಞಾನ ಇಂದು ಶಾಲಾ ಬಾಲಕರ ಕೈಯಲ್ಲೂ ಇದೆ. 1990ರಲ್ಲಿ ಕಲ್ಪನೆಯಾಗಿದ್ದದ್ದು ಈಗ ಪೊಲೀಸ್ ಠಾಣೆಗೆ ಬರುವ ದೂರು. ಸೋದರಳಿಯನೊಡನೆ ಈ ವಿಷಯವಾಗಿ ನಾವು ಇಶಾ ನಮಾಝಿನ ನಂತರವೂ ವಾದಿಸಿದ್ದುಂಟು.

ಆಗ ಅವನು ಹೇಳಿದ ಒಂದು ಸಂಗತಿ ನಮ್ಮ ವಾದವನ್ನು ಬೇರೆ ದಿಕ್ಕಿಗೆ ತಿರುಗಿಸಿತು. ಬಾರ್ಕ್ಲೇ ಬರುವುದಕ್ಕೆ ಕೆಲವೇ ತಿಂಗಳ ಹಿಂದೆ, 1989ರ 'ಬೂಬಿ ಟ್ರ್ಯಾಪ್' ಸಂಚಿಕೆಯಲ್ಲಿ, ಇದೇ ಲಾಫೋರ್ಜ್ ಲಿಯಾ ಬ್ರಾಹ್ಮ್ಸ್ ಎಂಬ ವಿಜ್ಞಾನಿಯ ಪ್ರತಿರೂಪವನ್ನು ಇದೇ ಹೋಲೋಡೆಕ್‌ನಲ್ಲಿ ಮಾಡಿಸಿ, ಅದಕ್ಕೆ ಮನಸೋತಿದ್ದ. ನೌಕೆಯನ್ನು ಅಪಾಯದಿಂದ ಪಾರುಮಾಡಲು ಆರಂಭಿಸಿದ ಕೆಲಸವೆಂಬುದು ನಿಜ. 1991ರಲ್ಲಿ 'ಗ್ಯಾಲಕ್ಸೀಸ್ ಚೈಲ್ಡ್' ಸಂಚಿಕೆಯಲ್ಲಿ ನಿಜವಾದ ಲಿಯಾ ನೌಕೆಗೆ ಬಂದು ತನ್ನ ಪ್ರತಿರೂಪವನ್ನು ಕಂಡು ಸಿಡಿದೇಳುತ್ತಾಳೆ. ಆದರೂ ಲಾಫೋರ್ಜ್‌ಗೆ ಯಾರೂ ತರಕಾರಿಯ ಹೆಸರಿಡಲಿಲ್ಲ, ಅವನನ್ನು ವರ್ಗ ಮಾಡಿರೆಂದು ಯಾರೂ ದೂರು ಕೊಡಲಿಲ್ಲ. ಅವನು ಚತುರ, ಸರಳ, ಎಲ್ಲರ ಮೆಚ್ಚಿನವ. ಗೌರವವುಳ್ಳವನ ತಪ್ಪು ಒಂದು ಘಟನೆಯಾಗಿ ಮುಗಿಯುತ್ತದೆ, ದುರ್ಬಲನ ತಪ್ಪು ಅವನ ಗುರುತೇ ಆಗುತ್ತದೆ. ನಮ್ಮ ಮೊಹಲ್ಲಾಗಳಲ್ಲಿ, ಜಮಾಅತ್ ಸಭೆಗಳಲ್ಲಿ, ಕುಟುಂಬಗಳ ಪಂಚಾಯಿತಿಗಳಲ್ಲಿ ಈ ಎರಡು ತಕ್ಕಡಿಗಳನ್ನು ನೋಡದವರಾರು?

ತಪ್ಪನ್ನು ತಪ್ಪೆಂದು ಹೇಳುತ್ತಲೇ ಮನುಷ್ಯನನ್ನು ಉಳಿಸಿಕೊಳ್ಳುವುದು ಹೇಗೆಂಬುದಕ್ಕೆ ಈ ಸಂಚಿಕೆಯ ಉತ್ತರಾರ್ಧ ನೋಡಬೇಕು. ನೌಕೆಯಲ್ಲಿ ಒಂದರ ಹಿಂದೊಂದು ಯಂತ್ರ ಕೆಡುತ್ತಿದ್ದು, ಕೆಡುವ ವಸ್ತುಗಳಿಗೆ ಪರಸ್ಪರ ಸಂಬಂಧವೇ ಕಾಣುತ್ತಿರಲಿಲ್ಲ. ಸಂಬಂಧ ತಾವೇ, ಇಂಜಿನಿಯರುಗಳೇ ಇರಬಹುದೆಂದು ಬಾರ್ಕ್ಲೇಗೆ ಹೊಳೆಯುತ್ತದೆ. ಒಡೆದ ಪೆಟ್ಟಿಗೆಯೊಂದರಿಂದ ಸೋರಿದ ವಸ್ತು ಅವರ ಕೈಗಳ ಮೂಲಕ ಯಂತ್ರದಿಂದ ಯಂತ್ರಕ್ಕೆ ಅಂಟಿತ್ತು. ಸಭೆಯಲ್ಲಿ ಮಾತು ಮುಗಿಸಲಾಗದಿದ್ದವನನ್ನು ಈ ಬಾರಿ ಲಾಫೋರ್ಜ್ ಕಾದು ಕೇಳಿದ್ದರಿಂದ ನೌಕೆ ಉಳಿಯಿತು. ಕೊನೆಗೆ ಬಾರ್ಕ್ಲೇ ಹೋಲೋಡೆಕ್‌ಗೆ ಹೋಗಿ ತನ್ನ ಕಲ್ಪನೆಯ ಜನರಿಗೆ ವಿದಾಯ ಹೇಳಿ, ಎಲ್ಲ ಕಾರ್ಯಕ್ರಮಗಳನ್ನೂ ಅಳಿಸಲು ಗಣಕಯಂತ್ರಕ್ಕೆ ಆಜ್ಞಾಪಿಸುತ್ತಾನೆ. ಒಂದು ಕ್ಷಣ ತಡೆದು, ಒಂಬತ್ತನೆಯದನ್ನು ಬಿಟ್ಟು, ಎನ್ನುತ್ತಾನೆ. ಅಭಿಮಾನಿಗಳಿಗೆ ಇದು ಬಲು ಇಷ್ಟದ ದೃಶ್ಯ. ತೌಬಾ ಮಾಡಿದವನ ಕಿಸೆಯಲ್ಲಿ ಒಂದು ಬೀಡಿ ಉಳಿದಂತೆ ಎಂದು ನಾವು ಹೇಳಿದಾಗ ಸೋದರಳಿಯ ಬಿದ್ದು ಬಿದ್ದು ನಕ್ಕ.

ಮುಂದಿನ ಸಂಚಿಕೆಗಳಲ್ಲಿಯೂ ಬಾರ್ಕ್ಲೇ ಪೂರ್ಣ ಗುಣವಾಗುವುದಿಲ್ಲ. 1991ರ 'ದಿ ಎನ್ತ್ ಡಿಗ್ರಿ'ಯಲ್ಲಿ ಅನ್ಯಲೋಕದ ಶಕ್ತಿಯೊಂದು ಅವನನ್ನು ಮಹಾ ಮೇಧಾವಿಯನ್ನಾಗಿಸಿ, ಬಳಿಕ ಮೊದಲಿನಂತೆಯೇ ಬಿಟ್ಟುಹೋಗುತ್ತದೆ. ನಮಗೆ ಹೆಚ್ಚು ಮೆಚ್ಚುಗೆಯಾದದ್ದು 1992ರ 'ರೆಲ್ಮ್ ಆಫ್ ಫಿಯರ್'. ಮನುಷ್ಯನನ್ನು ಕಣಕಣವಾಗಿ ಬಿಡಿಸಿ ಇನ್ನೊಂದೆಡೆ ಜೋಡಿಸುವ ಸಾರಿಗೆ ಯಂತ್ರವೆಂದರೆ ಬಾರ್ಕ್ಲೇಗೆ ನಡುಕ. ಆ ಕಿರಣದೊಳಗೆ ಅವನಿಗೆ ಹುಳುಗಳಂಥ ಆಕಾರಗಳು ಕಾಣುತ್ತವೆ. ತಾನು ಭ್ರಮಿಸುತ್ತಿದ್ದೇನೆಯೇ ಎಂದು ಹೆದರಿದರೂ ಅವನು ಮತ್ತೆ ಅದೇ ಕಿರಣದೊಳಗೆ ಹೊಕ್ಕು, ಆ ಆಕಾರವನ್ನು ಎರಡೂ ಕೈಗಳಿಂದ ಹಿಡಿಯುತ್ತಾನೆ. ಅದು ಹುಳುವಲ್ಲ, ಕಿರಣದೊಳಗೆ ಸಿಕ್ಕಿಬಿದ್ದಿದ್ದ ಮನುಷ್ಯ. ಯಾರಿಗೂ ಕಾಣದ್ದು ಅಂಜುಬುರುಕನಿಗೆ ಕಂಡಿತ್ತು. ಭಯವಿಲ್ಲದವರು ಅಲ್ಲಿ ಕಣ್ಣು ಬಿಟ್ಟು ನೋಡಿಯೇ ಇರಲಿಲ್ಲ.

ಮೇಲೆ ಹೇಳಿದ ಹುಡುಗನ ವಿಷಯದಲ್ಲಿ ನಾವು ಮಾಡಿದ್ದು ಅಲ್ಪ. ಅಧ್ಯಾಪಕರ ಕೊಠಡಿಯಲ್ಲಿ ಆ ಅಡ್ಡಹೆಸರು ಕೇಳಿಬಂದಾಗಲೆಲ್ಲ ಅವನ ನಿಜ ಹೆಸರನ್ನು ಎರಡು ಬಾರಿ ಜೋರಾಗಿ ಹೇಳತೊಡಗಿದೆವು. ಕೆಲವರಿಗೆ ಇರಿಸುಮುರಿಸಾಯಿತು, ಆಗಲಿ ಎಂದುಕೊಂಡೆವು. ಉತ್ತರ ಹೇಳಲು ಅವನು ಎದ್ದಾಗ ವಾಕ್ಯವನ್ನು ಅವನ ಪರವಾಗಿ ಮುಗಿಸಿಕೊಡದೆ ಕಾಯುವುದನ್ನು ಮಕ್ಕಳಿಗೆ ಕಲಿಸಿದೆವು. ಈಗಲೂ ಅವನು ತೊದಲುತ್ತಾನೆ. ಬೆಳಗಿನ ಹೊಟ್ಟೆನೋವು ಕಡಿಮೆಯಾಗಿದೆ ಎಂದು ತಾಯಿ ಹೇಳುತ್ತಾರೆ.

1999ರಲ್ಲಿ 'ವಾಯೇಜರ್' ಎಂಬ ಇನ್ನೊಂದು ಸರಣಿಯ 'ಪಾತ್‌ಫೈಂಡರ್' ಸಂಚಿಕೆಯಲ್ಲಿ ಬಾರ್ಕ್ಲೇ ಮರಳಿ ಬಂದ. ಆಗ ಅವನು ಭೂಮಿಯಲ್ಲಿ ಬೆಕ್ಕೊಂದರ ಜೊತೆಗೆ ಒಂಟಿಯಾಗಿ ಬದುಕುತ್ತ, ಬಹುದೂರದಲ್ಲಿ ಕಳೆದುಹೋದ ವಾಯೇಜರ್ ನೌಕೆಯನ್ನು ಸಂಪರ್ಕಿಸುವ ಕೆಲಸದಲ್ಲಿರುತ್ತಾನೆ. ಹಳೆಯ ಚಟ ಮತ್ತೆ ಹಿಡಿದಿರುತ್ತದೆ. ಆ ನೌಕೆಯ ಜನರ ಪ್ರತಿರೂಪಗಳೊಡನೆ ಹರಟುತ್ತ ರಾತ್ರಿ ಕಳೆಯುತ್ತಾನೆ. ಗೊತ್ತಾದ ಮೇಲಧಿಕಾರಿ ಅವನನ್ನು ಕೆಲಸದಿಂದ ದೂರವಿಡುತ್ತಾನೆ. ಹಳೆಯ ನೌಕೆಯ ಟ್ರಾಯ್, ಹಿಂದೆ ಅವನಿಂದ ನೊಂದಿದ್ದ ಅದೇ ಟ್ರಾಯ್, ಅವನ ಅಳಲು ಕೇಳಲು ಬಂದು ಕೂರುತ್ತಾಳೆ. ಅಪ್ಪಣೆ ಮೀರಿ ಪ್ರಯೋಗಾಲಯಕ್ಕೆ ನುಗ್ಗಿ ಬಾರ್ಕ್ಲೇ ತನ್ನ ಲೆಕ್ಕಾಚಾರವನ್ನು ಪರೀಕ್ಷಿಸಿದಾಗ ಕೆಲವೇ ನಿಮಿಷಗಳ ಮಟ್ಟಿಗೆ ಸಂಪರ್ಕ ಸಾಧ್ಯವಾಗುತ್ತದೆ. ಅಷ್ಟರಲ್ಲಿ ಒಬ್ಬ ತಂದೆ, ವರ್ಷಗಳಿಂದ ಕಾಣದ ಮಗನ ಕ್ಷೇಮ ವಿಚಾರಿಸಿ, ಅವನ ಬಗ್ಗೆ ತನಗೆ ಹೆಮ್ಮೆಯಿದೆ ಎಂದು ತಿಳಿಸುತ್ತಾನೆ. ಅಪ್ಪಣೆ ಮೀರಿದ್ದು ಸರಿಯೇ ಎಂಬ ಚರ್ಚೆಯನ್ನು ನಾವೂ ಸೋದರಳಿಯನೂ ಇನ್ನೂ ಮುಗಿಸಿಲ್ಲ.

ಸಂಪರ್ಕ ಕಡಿದ ಮೇಲೆ ವಾಯೇಜರ್‌ನ ಜನರು ಒಟ್ಟಾಗಿ ಸೇರಿ ಬಾರ್ಕ್ಲೇಯನ್ನು ತಮ್ಮ ನೌಕೆಯ ಗೌರವ ಸದಸ್ಯನೆಂದು ಸಾರುತ್ತಾರೆ. ಗ್ಲಾಸು ಎತ್ತಿ ಸಾರುತ್ತಾರೆ, ಅದನ್ನು ಓದುಗರು ಮನ್ನಿಸಬೇಕು. ಅವರಲ್ಲಿ ಹೆಚ್ಚಿನವರು ಅವನನ್ನು ಒಮ್ಮೆಯೂ ಕಂಡವರಲ್ಲ. ಅವನ ಹಳೆಯ ಅಡ್ಡಹೆಸರು ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.